ಇತಿಹಾಸ ಪಾಠಕ್ಕೆ ಇ-ಸಂಪನ್ಮೂಲ: ಕೊಳ್ಳುವುದೋ, ಚಂದಾ ಕಟ್ಟುವುದೋ, ಉಚಿತದಲ್ಲೇ ನಡೆಸುವುದೋ

ಇತಿಹಾಸ ವಿಭಾಗದಿಂದ ಗ್ರಂಥಾಲಯಕ್ಕೆ ಬರುವ ಬೇಡಿಕೆ ಪತ್ರದಲ್ಲಿ ಸಾಮಾನ್ಯವಾಗಿ ಒಂದು ಡೇಟಾಬೇಸಿನ ಹೆಸರಿರುತ್ತದೆ. ಅದನ್ನು ಇಟ್ಟುಕೊಂಡು ತರಗತಿಯಲ್ಲಿ ಏನು ಮಾಡಿಸುತ್ತಾರೆ ಎಂಬುದು ಇರುವುದಿಲ್ಲ. ಆಯ್ಕೆ ಎಡವುವುದು ಇಲ್ಲಿಯೇ. ಮಾರಾಟಗಾರರು ಇಷ್ಟು ಲಕ್ಷ ಪುಟ ಎಂದು ಅಂಕಿ ಮುಂದಿಡುತ್ತಾರೆ. ಆ ಅಂಕಿಯಿಂದ ಸಂಶೋಧಕರಿಗೆ ಉಪಯೋಗ ಉಂಟು. ಎರಡನೆಯ ವರ್ಷದ ಪದವಿ ವಿದ್ಯಾರ್ಥಿಗೆ ಬೇಕಾದದ್ದು ಹನ್ನೆರಡು ಪುಟದ ಒಂದು ವಿಚಾರಣಾ ದಾಖಲೆ. ಅದು ತರಗತಿಯ ಹಿಂದಿನ ರಾತ್ರಿ ಮೊಬೈಲಿನಲ್ಲಿ ತೆರೆಯಬೇಕು.

ಆದ್ದರಿಂದ ಹೋಲಿಕೆಗೆ ಕೂರುವ ಮೊದಲು ಅಧ್ಯಾಪಕರನ್ನು ಒಂದೇ ಪ್ರಶ್ನೆ ಕೇಳಿ: ಇದನ್ನು ಬಳಸಿ ವಿದ್ಯಾರ್ಥಿ ಯಾವ ಅಸೈನ್‌ಮೆಂಟ್ ಬರೆಯಬೇಕು? ಉತ್ತರ ಬಹುಮಟ್ಟಿಗೆ ನಾಲ್ಕು ಬಗೆಯದು. ಇಡೀ ತರಗತಿ ಒಂದೇ ವಾರದಲ್ಲಿ ಒಂದೇ ದಾಖಲೆಯನ್ನೋ ಅಧ್ಯಾಯವನ್ನೋ ಓದುವುದು ಒಂದು. ಪ್ರತಿಯೊಬ್ಬರೂ ತಮ್ಮ ವಿಷಯಕ್ಕೆ ತಾವೇ ಮೂಲ ಆಕರ ಹುಡುಕಿ ತರುವುದು ಎರಡನೆಯದು. ಒಂದು ಘಟನೆಯ ಬಗ್ಗೆ ಇತಿಹಾಸಕಾರರು ಹೇಗೆ ವಾದಿಸಿದ್ದಾರೆ ಎಂದು ಗುರುತಿಸುವುದು ಮೂರನೆಯದು. ಸಾವಿರಾರು ದಾಖಲೆಗಳಲ್ಲಿ ಒಂದು ಪದವೋ ಒಂದು ಅಪರಾಧವೋ ಎಷ್ಟು ಬಾರಿ ಬರುತ್ತದೆ ಎಂದು ಎಣಿಸುವುದು ನಾಲ್ಕನೆಯದು.

ಮೊದಲನೆಯದಕ್ಕೆ ದೊಡ್ಡ ಸಂಗ್ರಹವೇ ಬೇಡ, ಏಕಕಾಲಕ್ಕೆ ಎಲ್ಲರಿಗೂ ತೆರೆದುಕೊಳ್ಳುವ ಪರವಾನಗಿ ಸಾಕು. ಎರಡನೆಯದಕ್ಕೆ ಮೂಲ ಆಕರಗಳ ಸಂಗ್ರಹ ಬೇಕು, ಅದರ ಹುಡುಕಾಟ ಚೆನ್ನಾಗಿರಬೇಕು. ಮೂರನೆಯದಕ್ಕೆ ಜರ್ನಲ್ಲುಗಳ ಹಳೆಯ ಸಂಚಿಕೆಗಳು ಮತ್ತು ಯಾವ ವಿಷಯದ ಲೇಖನ ಎಲ್ಲಿದೆ ಎಂದು ತೋರಿಸುವ ಒಂದು ವಿಷಯಸೂಚಿ. ನಾಲ್ಕನೆಯದಕ್ಕೆ ಪಠ್ಯವನ್ನು ರಾಶಿಯಾಗಿ ಇಳಿಸಿಕೊಳ್ಳುವ ಹಕ್ಕು. ಈ ನಾಲ್ಕೂ ಒಂದೇ ಉತ್ಪನ್ನದಲ್ಲಿ ಸಿಗುವುದು ಅಪರೂಪ, ಆದರೆ ನಾಲ್ಕೂ ಸಿಗುತ್ತವೆ ಎಂದು ನಂಬಿಸುವ ಮಾತು ಮಾತ್ರ ಎಲ್ಲ ಕಡೆ ಕೇಳುತ್ತದೆ.

ಮೂಲ ಆಕರಗಳ ಸಂಗ್ರಹ: ಮೂರು ದಾರಿ

ಹೆಚ್ಚು ಹಣ ಹೋಗುವುದು ಇದಕ್ಕೇ. ಒಂದೇ ಬಾರಿ ಹಣ ಕೊಟ್ಟು ಶಾಶ್ವತ ಹಕ್ಕು ಪಡೆಯುವುದು, ವರ್ಷವರ್ಷ ಚಂದಾ ಕಟ್ಟುವುದು, ಉಚಿತ ಸಂಗ್ರಹಗಳನ್ನು ಪಾಠಕ್ಕೆ ಹೊಂದಿಸಿಕೊಳ್ಳುವುದು ಎಂದು ಮೂರು ದಾರಿಗಳಿವೆ.

ಹೋಲಿಕೆಯನ್ನು ಉಚಿತದಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಅಲ್ಲಿ ಸಿಗದೆ ಉಳಿದದ್ದಕ್ಕೆ ಮಾತ್ರ ಹಣ ಕೊಟ್ಟರೆ ಸಾಕು. ಲಂಡನ್ನಿನ ಅಪರಾಧ ವಿಚಾರಣೆಗಳ ಓಲ್ಡ್ ಬೈಲಿ ಜಾಲತಾಣ 1674ರಿಂದ 1913ರವರೆಗಿನ ದಾಖಲೆಗಳನ್ನು ಉಚಿತವಾಗಿ ಕೊಡುತ್ತದೆ. ಅದರ ಪಠ್ಯವನ್ನು ಕೈಯಿಂದ ಟೈಪ್ ಮಾಡಿಸಿ ತಾಳೆ ನೋಡಿರುವುದರಿಂದ ಎಣಿಕೆಯ ಅಸೈನ್‌ಮೆಂಟಿಗೂ ಅದು ತಾಳುತ್ತದೆ. ಅಮೆರಿಕದ ಹಳೆಯ ಪತ್ರಿಕೆಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ, ಆಸ್ಟ್ರೇಲಿಯಾಕ್ಕೆ ಟ್ರೋವ್, ನ್ಯೂಜಿಲೆಂಡಿಗೆ ಪೇಪರ್ಸ್ ಪಾಸ್ಟ್, ಫ್ರೆಂಚ್ ಮುದ್ರಿತ ಮತ್ತು ಹಸ್ತಪ್ರತಿಗಳಿಗೆ ಗ್ಯಾಲಿಕಾ ಇವೆ. ದಕ್ಷಿಣ ಏಷ್ಯಾದ ಬಗ್ಗೆ ಪಾಠ ಮಾಡುವವರಿಗೆ ಸೌತ್ ಏಷ್ಯಾ ಓಪನ್ ಆರ್ಕೈವ್ಸ್ ಮತ್ತು ಭಾರತದ ರಾಷ್ಟ್ರೀಯ ಅಭಿಲೇಖಾಗಾರದ ಅಭಿಲೇಖ್ ಪಟಲ್ ಇವೆ.

ಉಚಿತ ಎಂದ ಮಾತ್ರಕ್ಕೆ ತೊಡಕಿಲ್ಲ ಎಂದಲ್ಲ. 2008ರಲ್ಲಿ ಆರಂಭವಾದ ಡಿಜಿಟಲ್ ಗ್ರಂಥಾಲಯ ಹಾತಿಟ್ರಸ್ಟ್‌ನಲ್ಲಿ ಕೃತಿಸ್ವಾಮ್ಯ ಮುಗಿದ ಪುಸ್ತಕಗಳನ್ನು ಯಾರು ಬೇಕಾದರೂ ಓದಬಹುದು. ಆದರೆ ಗೂಗಲ್ ಸ್ಕ್ಯಾನ್ ಮಾಡಿದ ಸಂಪುಟಗಳನ್ನು ಇಡಿಯಾಗಿ ಇಳಿಸಿಕೊಳ್ಳುವ ಸೌಲಭ್ಯ ಸದಸ್ಯ ಸಂಸ್ಥೆಗಳಿಗೆ ಮಾತ್ರ, ಉಳಿದವರು ಒಂದೊಂದೇ ಪುಟ ಇಳಿಸಿಕೊಳ್ಳಬೇಕು. ನಲವತ್ತು ಪುಟದ ಓದು ಕೊಟ್ಟ ಅಧ್ಯಾಪಕರಿಗೆ ಇದು ಗೊತ್ತಿರದಿದ್ದರೆ ದೂರು ಗ್ರಂಥಾಲಯಕ್ಕೇ ಬರುತ್ತದೆ. ಇನ್ನು, ಉಚಿತ ತಾಣಗಳು ವಿಳಾಸ ಬದಲಿಸುವಾಗ ಯಾರಿಗೂ ಪತ್ರ ಬರೆಯುವುದಿಲ್ಲ. ಓದಿನ ಪಟ್ಟಿಯಲ್ಲಿರುವ ಕೊಂಡಿಗಳನ್ನು ಪ್ರತಿ ಸೆಮಿಸ್ಟರಿನ ಆರಂಭದಲ್ಲಿ ಒಬ್ಬರು ಕೂತು ತೆರೆದು ನೋಡಬೇಕಾಗುತ್ತದೆ. ಆ ಕೆಲಸದ ಗಂಟೆಗಳನ್ನೂ ವೆಚ್ಚದ ಲೆಕ್ಕಕ್ಕೆ ಸೇರಿಸಿ.

ಹಣ ಕೇಳುವ ಸಂಗ್ರಹದಲ್ಲಿ ಎಷ್ಟು ಭಾಗ ಆಗಲೇ ಉಚಿತವಾಗಿದೆ ಎಂದು ತಿಳಿಯಲು ಸರಳ ವಿಧಾನ ಇದೆ. ಮಾರಾಟಗಾರರಿಂದ ಪೂರ್ತಿ ಶೀರ್ಷಿಕೆ ಪಟ್ಟಿ ತರಿಸಿ, ಸ್ಪ್ರೆಡ್‌ಶೀಟಿನ ರ‍್ಯಾಂಡಮ್ ಸಂಖ್ಯೆಯಿಂದ 100 ಶೀರ್ಷಿಕೆ ಆರಿಸಿ, ಒಂದೊಂದನ್ನೂ ಹಾತಿಟ್ರಸ್ಟ್, ಇಂಟರ್ನೆಟ್ ಆರ್ಕೈವ್ ಮತ್ತು ಆ ದೇಶದ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ ಹುಡುಕಿ. 60 ಸಿಕ್ಕರೆ ಇಡೀ ಸಂಗ್ರಹದ ಸುಮಾರು 50ರಿಂದ 70 ಶೇಕಡಾ ಹೊರಗೆ ಸಿಗುತ್ತದೆ ಎಂದು ಹೇಳಬಹುದು. 50 ಶೀರ್ಷಿಕೆಯನ್ನಷ್ಟೇ ನೋಡಿದರೆ ಆ ಅಂತರ ಎರಡೂ ಕಡೆ 14ರಷ್ಟಕ್ಕೆ ಹಿಗ್ಗುತ್ತದೆ. ಒಬ್ಬರು ಒಂದು ದಿನದಲ್ಲಿ ಮುಗಿಸುವ ಕೆಲಸ ಇದು, ಬೆಲೆಯ ಮಾತುಕತೆಗೆ ಕೂತಾಗ ಇಷ್ಟು ಗಟ್ಟಿ ಸಾಕ್ಷ್ಯ ಬೇರೊಂದಿಲ್ಲ. ಪಟ್ಟಿ ಕೊಡಲು ಹಿಂಜರಿಯುವ ಮಾರಾಟಗಾರರ ಬಳಿ ಮಾತು ಮುಂದುವರಿಸುವುದರಲ್ಲಿ ಅರ್ಥವಿಲ್ಲ.

ಅರ್ಧ ಉಚಿತ, ಅರ್ಧ ಹಣ ಎಂಬ ಸ್ಥಿತಿಗೆ ಒಳ್ಳೆಯ ಉದಾಹರಣೆ ಅರ್ಲಿ ಇಂಗ್ಲಿಷ್ ಬುಕ್ಸ್ ಆನ್‌ಲೈನ್. 1700ರವರೆಗಿನ ಇಂಗ್ಲಿಷ್ ಮುದ್ರಣಗಳ ಪುಟಚಿತ್ರಗಳು ಹಣ ಕೊಟ್ಟವರಿಗೆ ಮಾತ್ರ. ಆದರೆ ಅದೇ ಪುಸ್ತಕಗಳಲ್ಲಿ ಟೈಪ್ ಮಾಡಿಸಿದ ಸುಮಾರು 25,000 ಪಠ್ಯಗಳು 2015ರ ಜನವರಿ 1ರಿಂದ ಎಲ್ಲರಿಗೂ ಮುಕ್ತವಾಗಿವೆ, ಎರಡನೆಯ ಕಂತು 2020ರಲ್ಲಿ ಬಿಡುಗಡೆಯಾಯಿತು. ಅಸೈನ್‌ಮೆಂಟ್ ಪಠ್ಯದ ವಾದವನ್ನು ಓದುವುದಾದರೆ ಉಚಿತ ಭಾಗವೇ ಸಾಕು. ಮುಖಪುಟದ ವಿನ್ಯಾಸ, ಅಂಚಿನ ಬರಹ, ಮರಗೆತ್ತನೆಯ ಚಿತ್ರಗಳನ್ನು ಓದಿಸುವುದಾದರೆ ಪುಟಚಿತ್ರ ಬೇಕೇ ಬೇಕು. ಆಗಲೂ ಒಂದು ವಿಷಯ ನೆನಪಿರಲಿ: ಆ ಚಿತ್ರಗಳಲ್ಲಿ ಬಹುಪಾಲು ಹಿಂದೆ ತೆಗೆದ ಮೈಕ್ರೋಫಿಲ್ಮಿನಿಂದ ಬಂದವು, ಅಪ್ಪಟ ಕಪ್ಪು-ಬಿಳುಪಿನವು. ತೆಳುಶಾಯಿಯ ಅಂಚುಬರಹ ಅವುಗಳಲ್ಲಿ ಮಾಯವಾಗಿರುತ್ತದೆ, ಕಾಗದದ ಬಣ್ಣ, ನೀರುಗುರುತು ಯಾವುದೂ ತಿಳಿಯುವುದಿಲ್ಲ. ಮೈಕ್ರೋಫಿಲ್ಮ್ ಸಂತತಿಯ ಸಂಗ್ರಹವೋ, ಮೂಲದಿಂದ ಬಣ್ಣದಲ್ಲಿ ಸ್ಕ್ಯಾನ್ ಮಾಡಿದ್ದೋ ಎಂದು ಪ್ರತಿ ಸಂಗ್ರಹಕ್ಕೂ ಕೇಳಿ.

ಈಗ ಖರೀದಿ ಮತ್ತು ಚಂದಾ. ಖರೀದಿ ಬೆಲೆಯನ್ನು 100 ಭಾಗ ಎಂದಿಟ್ಟುಕೊಳ್ಳಿ, ಅದರ ಜೊತೆ ವೇದಿಕೆಯ (ಸಂಗ್ರಹವನ್ನು ತೆರೆದು ಓದುವ ಜಾಲತಾಣದ) ನಿರ್ವಹಣಾ ಶುಲ್ಕ ವರ್ಷಕ್ಕೆ 2 ಭಾಗ. ಚಂದಾ ಮೊದಲ ವರ್ಷ 15 ಭಾಗ, ಪ್ರತಿ ವರ್ಷ ಶೇ. 5 ಏರಿಕೆ. ಆರನೆಯ ವರ್ಷದ ಕೊನೆಗೆ ಚಂದಾದ ಒಟ್ಟು ಮೊತ್ತ 102, ಖರೀದಿಯದು 112. ಏಳನೆಯ ವರ್ಷದ ಕೊನೆಗೆ ಚಂದಾ 122, ಖರೀದಿ 114. ಅಂದರೆ ಈ ದರದಲ್ಲಿ ಏಳು ವರ್ಷ ನಿಲ್ಲುವ ಕೋರ್ಸಿಗೆ ಖರೀದಿ, ಅದಕ್ಕಿಂತ ಬೇಗ ಬದಲಾಗುವ ಕೋರ್ಸಿಗೆ ಚಂದಾ. ನಿಮ್ಮ ಕೊಟೇಶನ್ನಿನ ಅಂಕಿ ಹಾಕಿ ಇದೇ ಲೆಕ್ಕ ಮಾಡಿ. ಪಠ್ಯಕ್ರಮ ಪರಿಷ್ಕರಣೆ ಎಷ್ಟು ವರ್ಷಕ್ಕೊಮ್ಮೆ ನಡೆಯುತ್ತದೆ ಎಂಬುದನ್ನು ಪಕ್ಕದಲ್ಲೇ ಬರೆದುಕೊಳ್ಳಿ. ಒಬ್ಬರೇ ಅಧ್ಯಾಪಕರ ಆಸಕ್ತಿಯ ಮೇಲೆ ನಿಂತ ಕೋರ್ಸಿಗೆ ಶಾಶ್ವತ ಖರೀದಿ ಮಾಡಿದರೆ, ಅವರು ಬೇರೆ ಕಡೆ ಹೋದ ಮೇಲೆ ಆ ಸಂಗ್ರಹ ತೆರೆಯುವವರಿರುವುದಿಲ್ಲ.

ಖರೀದಿಯ ಬಾಗಿಲು ಯಾವಾಗಲೂ ತೆರೆದಿರುತ್ತದೆ ಎಂದೂ ನಂಬಿಕೊಳ್ಳಬೇಡಿ. 2025ರ ಫೆಬ್ರವರಿಯಲ್ಲಿ ಕ್ಲಾರಿವೇಟ್ ಸಂಸ್ಥೆ ತನ್ನ ಒಡೆತನದ ಪ್ರೋಕ್ವೆಸ್ಟ್‌ನ ಇ-ಪುಸ್ತಕಗಳು ಮತ್ತು ಡಿಜಿಟಲ್ ಸಂಗ್ರಹಗಳ ಒಂದೇ ಬಾರಿಯ ಮಾರಾಟವನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಪ್ರಕಟಿಸಿತು, ಗ್ರಂಥಪಾಲಕರ ಆಕ್ಷೇಪದ ಮೇಲೆ ಗಡುವನ್ನು ಮುಂದಕ್ಕೆ ಹಾಕಿತು. ಪಾಠಕ್ಕೆ ಬೆನ್ನೆಲುಬಾಗಿರುವ ಸಂಗ್ರಹ ಯಾವುದು ಎಂದು ಖಚಿತವಾಗಿದ್ದರೆ, ಖರೀದಿ ಸಾಧ್ಯವಿರುವಾಗಲೇ ಅದರ ಬೆಲೆ ವಿಚಾರಿಸುವುದು ಕ್ಷೇಮ.

ಹುಡುಕಿದರೆ ಸಿಗುತ್ತದೆಯೇ?

ಹಳೆಯ ಪತ್ರಿಕೆ ಮತ್ತು ಪುಸ್ತಕಗಳ ಸಂಗ್ರಹಗಳಲ್ಲಿ ನಾವು ಹುಡುಕುವುದು ಪುಟವನ್ನಲ್ಲ, ಯಂತ್ರ ಆ ಪುಟವನ್ನು ಓದಿ ಬರೆದಿಟ್ಟ ಪಠ್ಯವನ್ನು. ಯಂತ್ರದ ಈ ಓದಿಗೆ ಒಸಿಆರ್ ಎಂದು ಹೆಸರು. ಒಸಿಆರ್ ತಪ್ಪಿದ ಪದ ಹುಡುಕಾಟಕ್ಕೆ ಕಾಣುವುದಿಲ್ಲ. ಅದು ಕಾಣಲಿಲ್ಲ ಎಂಬುದು ವಿದ್ಯಾರ್ಥಿಗೆ ತಿಳಿಯುವುದೂ ಇಲ್ಲ. ಆ ಕಾಲದಲ್ಲಿ ಯಾರೂ ಇದರ ಬಗ್ಗೆ ಬರೆದಿಲ್ಲ ಎಂದೇ ಪ್ರಬಂಧದಲ್ಲಿ ಬರೆದುಬಿಡುತ್ತಾರೆ. ಇತಿಹಾಸ ಪಾಠದ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ದೋಷ ಇಲ್ಲ, ಹಾಗಾಗಿ ಹೋಲಿಕೆಯಲ್ಲಿ ಹೆಚ್ಚು ಹೊತ್ತು ಇದಕ್ಕೇ ಕೊಡಿ.

ಶೇ. 98 ನಿಖರತೆ ಎಂದರೆ ಕೇಳಲು ಚೆನ್ನಾಗಿದೆ. ಆದರೆ ಅದು ಅಕ್ಷರದ ನಿಖರತೆಯೋ ಪದದ್ದೋ ಎಂದು ಕೇಳಿ. ಲ್ಯಾಟಿನ್ ಲಿಪಿಯ ಆರು ಅಕ್ಷರದ ಪದ ಪೂರ್ತಿ ಸರಿಯಾಗಿ ಬರಬೇಕಾದರೆ ಆರೂ ಅಕ್ಷರ ಸರಿಯಿರಬೇಕು. ತಪ್ಪುಗಳು ಸಮನಾಗಿ ಹರಡಿವೆ ಎಂದು ಭಾವಿಸಿದರೆ ಲೆಕ್ಕ ಹೀಗೆ ಬರುತ್ತದೆ:

| ಅಕ್ಷರ ನಿಖರತೆ | ಆರು ಅಕ್ಷರದ ಪದ ಸಿಗುವ ಸಾಧ್ಯತೆ | ಅಂಥ ಎರಡು ಪದದ ಹೆಸರು ಸಿಗುವ ಸಾಧ್ಯತೆ |
|---|---|---|
| ಶೇ. 99 | ಶೇ. 94 | ಶೇ. 89 |
| ಶೇ. 98 | ಶೇ. 89 | ಶೇ. 78 |
| ಶೇ. 95 | ಶೇ. 74 | ಶೇ. 54 |
| ಶೇ. 90 | ಶೇ. 53 | ಶೇ. 28 |

ಶೇ. 95ರ ಸಂಗ್ರಹದಲ್ಲಿ ಒಬ್ಬ ವ್ಯಕ್ತಿಯ ಹೆಸರು ಹುಡುಕಿದರೆ ಅರ್ಧದಷ್ಟು ಉಲ್ಲೇಖಗಳು ಕೈತಪ್ಪುತ್ತವೆ. ವಾಸ್ತವದಲ್ಲಿ ತಪ್ಪುಗಳು ಸಮನಾಗಿ ಹರಡಿರುವುದಿಲ್ಲ; ಮಡಿಕೆಯಿದ್ದ ಪುಟ, ಹಿಂಬದಿಯ ಶಾಯಿ ಇಣುಕುವ ಪುಟ, ಸಣ್ಣಕ್ಷರದ ಜಾಹೀರಾತು ಪೂರ್ತಿ ಕೆಡುತ್ತವೆ, ಸಂಪಾದಕೀಯ ಚೆನ್ನಾಗಿ ಬರುತ್ತದೆ. ಓಡಿಹೋದ ಗುಲಾಮರ ಬಗ್ಗೆ ಕೊಟ್ಟ ಪ್ರಕಟಣೆಗಳು, ಕೆಲಸದವರು ಬೇಕಾಗಿದ್ದಾರೆ ಎಂಬ ಸಾಲುಗಳು ಇರುವುದು ಆ ಕೆಡುವ ಭಾಗದಲ್ಲೇ. ಸಾಮಾಜಿಕ ಇತಿಹಾಸ ಕಲಿಸುವವರಿಗೆ ಸಂಪಾದಕೀಯಕ್ಕಿಂತ ಅವೇ ಮುಖ್ಯ.

ನೀವೇ ಅಳೆಯುವುದು ಕಷ್ಟವಲ್ಲ. ಬೇರೆ ಬೇರೆ ದಶಕದ ಹತ್ತು ಪುಟ ಆರಿಸಿ, ಪ್ರತಿ ಪುಟದಲ್ಲಿ ನೂರು ಪದದ ತುಣುಕು ತೆಗೆದುಕೊಳ್ಳಿ, ಐದಾದರೂ ಜಾಹೀರಾತು ಅಥವಾ ಪಟ್ಟಿಯ ಭಾಗದಿಂದ ಇರಲಿ. ವೇದಿಕೆ ಯಂತ್ರಪಠ್ಯವನ್ನು ತೋರಿಸಿದರೆ ಪುಟಚಿತ್ರದ ಜೊತೆ ತಾಳೆ ನೋಡಿ ತಪ್ಪು ಪದಗಳನ್ನು ಎಣಿಸಿ. ತೋರಿಸದಿದ್ದರೆ ಕಣ್ಣಿಗೆ ಕಂಡ ಇಪ್ಪತ್ತು ವಿಶಿಷ್ಟ ಪದಗಳನ್ನು ಹುಡುಕಾಟಕ್ಕೆ ಕೊಟ್ಟು, ಅದೇ ಪುಟ ಮರಳಿ ಬರುತ್ತದೆಯೇ ಎಂದು ನೋಡಿ. ಯಂತ್ರಪಠ್ಯವನ್ನು ಬಚ್ಚಿಡುವ ವೇದಿಕೆಗಿಂತ ತೋರಿಸುವ ವೇದಿಕೆ ಪಾಠಕ್ಕೆ ಮೇಲು. ಟ್ರೋವ್‌ನಲ್ಲಿ ಓದುಗರೇ ಸಾಲುಗಳನ್ನು ತಿದ್ದಬಹುದು. ಒಸಿಆರ್ ಎಂದರೇನು ಎಂದು ತರಗತಿಗೆ ಅರ್ಥ ಮಾಡಿಸಲು ಆ ಒಂದು ಪುಟ ತೆರೆದರೂ ಸಾಕು.

ಇಂಗ್ಲಿಷಿನಲ್ಲಿ ಹದಿನೆಂಟನೆಯ ಶತಮಾನದ ಕೊನೆಯವರೆಗೆ ಬಳಕೆಯಲ್ಲಿದ್ದ ಉದ್ದನೆಯ ಎಸ್ (ſ) ಇನ್ನೊಂದು ಕಾಟ. ಯಂತ್ರ ಅದನ್ನು ಎಫ್ ಎಂದು ಓದುತ್ತದೆ, ಹಾಯಿ ಎಂಬರ್ಥದ ‘ಸೇಲ್’ ಸೋಲು ಎಂಬರ್ಥದ ‘ಫೇಲ್’ ಆಗುತ್ತದೆ. ಕೆಲವು ವೇದಿಕೆಗಳು ಇದನ್ನು ತಾವೇ ಸರಿದೂಗಿಸುತ್ತವೆ, ಕೆಲವು ಇಲ್ಲ. ಎರಡೂ ಪದ ಕೊಟ್ಟು ನೋಡಿದರೆ ಗೊತ್ತಾಗುತ್ತದೆ. ಫ್ರಾಕ್ಟುರ್ ಎಂಬ ಹಳೆಯ ಜರ್ಮನ್ ಅಚ್ಚು, ಒತ್ತಕ್ಷರಗಳಿರುವ ಭಾರತೀಯ ಲಿಪಿಗಳ ಹಳೆಯ ಮುದ್ರಣ, ಬಲದಿಂದ ಎಡಕ್ಕೆ ಓಡುವ ಲಿಪಿಗಳು ಇದ್ದರೆ ಶೇಕಡಾವಾರು ಮಾತನ್ನು ನಂಬದೆ ಆ ಲಿಪಿಯದೇ ಪುಟ ತೆರೆದು ಪರೀಕ್ಷಿಸಿ. ಹಸ್ತಪ್ರತಿಗಳಿಗೆ ಈಚೆಗೆ ಕೈಬರಹ ಗುರುತಿಸುವ ತಂತ್ರಾಂಶ ಬಂದಿದೆ. ಅದು ಪಠ್ಯವನ್ನು ಬರೆದುಕೊಡುವ ಬದಲು ‘ಈ ಪದ ಇಲ್ಲಿರಬಹುದು’ ಎಂದಷ್ಟೇ ಗುರುತಿಸುವುದೂ ಉಂಟು. ಅಷ್ಟೇ ಆದರೂ ಉಪಕಾರವೇ, ಆದರೆ ಅದರ ಮೇಲೆ ಎಣಿಕೆಯ ಅಸೈನ್‌ಮೆಂಟ್ ಕಟ್ಟಲಾಗದು.

ಪಠ್ಯದ ಜೊತೆಗೆ ವಿವರಣೆಯನ್ನೂ ನೋಡಿ. ಬಟಾವಿಯಾ ಎಂದು ಹುಡುಕಿದಾಗ ಸಿಕ್ಕಿದ್ದು ಜಕಾರ್ತಾ ಎಂದಾಗ ಸಿಗುತ್ತದೆಯೇ? ಕಾನ್‌ಸ್ಟಾಂಟಿನೋಪಲ್, ಇಸ್ತಾಂಬುಲ್ ಎರಡೂ ಒಂದೇ ಫಲಿತಾಂಶ ಕೊಡುತ್ತವೆಯೇ? ಒಳ್ಳೆಯ ವಿಷಯಶೀರ್ಷಿಕೆಗಳಿರುವ ಚಿಕ್ಕ ಸಂಗ್ರಹ, ಯಂತ್ರಪಠ್ಯವನ್ನಷ್ಟೇ ನಂಬಿದ ಹತ್ತುಪಟ್ಟು ದೊಡ್ಡ ಸಂಗ್ರಹಕ್ಕಿಂತ ಪದವಿ ತರಗತಿಗೆ ಹೆಚ್ಚು ಫಲ ಕೊಡುತ್ತದೆ.

ಜರ್ನಲ್ಲು ಮತ್ತು ವಿಷಯಸೂಚಿ

ಇತಿಹಾಸದಲ್ಲಿ ಲೇಖನಗಳು ಬೇಗ ಹಳತಾಗುವುದಿಲ್ಲ. ನಲವತ್ತು ವರ್ಷ ಹಿಂದಿನ ವಾದವನ್ನು ಇಂದಿನ ಓದಿನ ಪಟ್ಟಿಯಲ್ಲಿ ಇಡುವುದು ಸಹಜ. ಹಾಗಾಗಿ ವಿಜ್ಞಾನ ವಿಭಾಗಕ್ಕೆ ಒಪ್ಪುವ ‘ಇತ್ತೀಚಿನ ಸಂಚಿಕೆ ಮೊದಲು’ ಎಂಬ ಲೆಕ್ಕ ಇಲ್ಲಿ ತಲೆಕೆಳಗು. 1995ರಲ್ಲಿ ಆರಂಭವಾದ ಜೆಸ್ಟೋರ್‌ನ ಹಳೆಯ ಸಂಚಿಕೆಗಳ ಸಂಗ್ರಹ ಮೊದಲ ಸಂಚಿಕೆಯಿಂದಲೇ ಇರುತ್ತದೆ, ಆದರೆ ಅನೇಕ ಜರ್ನಲ್ಲುಗಳಿಗೆ ಈಚಿನ ಮೂರರಿಂದ ಐದು ವರ್ಷ ಬಿಟ್ಟು. ಈಚಿನ ಸಂಚಿಕೆಗಳಿಗೆ ಪ್ರಾಜೆಕ್ಟ್ ಮ್ಯೂಸ್ ಅಥವಾ ಪ್ರಕಾಶಕರ ವೇದಿಕೆ ಬೇಕಾಗಬಹುದು. ಪದವಿ ತರಗತಿಗೆ ಎರಡರಲ್ಲಿ ಒಂದನ್ನೇ ಕೊಳ್ಳಲು ಸಾಧ್ಯವಾದರೆ ಹಳೆಯ ಸಂಚಿಕೆಗಳೇ ಮೊದಲು.

ಹಲವು ಪ್ರಕಾಶಕರ ಜರ್ನಲ್ಲುಗಳನ್ನು ಒಟ್ಟು ಮಾಡಿ ಕೊಡುವ ಡೇಟಾಬೇಸುಗಳು ಅಗ್ಗ. ಅದಕ್ಕೆ ಕಾರಣವೂ ಇದೆ: ಯಾವ ಜರ್ನಲ್ಲನ್ನು ಬೇಕಾದರೂ ಪ್ರಕಾಶಕರು ವರ್ಷದ ನಡುವೆ ಹಿಂತೆಗೆದುಕೊಳ್ಳಬಹುದು. ಓದಿನ ಪಟ್ಟಿಯಲ್ಲಿರುವ ಜರ್ನಲ್ಲುಗಳ ಹೆಸರು ಬರೆದು, ಪ್ರತಿಯೊಂದೂ ಯಾವ ವರ್ಷದಿಂದ ಯಾವ ವರ್ಷದವರೆಗೆ ಪೂರ್ಣಪಠ್ಯದಲ್ಲಿದೆ, ಹೊಸ ಸಂಚಿಕೆಗಳಿಗೆ ಎಷ್ಟು ತಿಂಗಳ ತಡೆ ಇದೆ ಎಂದು ಪಟ್ಟಿ ಮಾಡಿ. ‘ಒಳಗೊಂಡಿದೆ’ ಎಂಬ ಒಂದು ಪದದ ಹಿಂದೆ ಬರೀ ಸಾರಾಂಶ ಇರುವ ಜರ್ನಲ್ಲುಗಳೂ ಇರುತ್ತವೆ.

ವಿಷಯಸೂಚಿಗಳಲ್ಲಿ ವ್ಯಾಪ್ತಿಯ ಗೆರೆ ಗಮನಿಸಿ. ಹಿಸ್ಟಾರಿಕಲ್ ಅಬ್‌ಸ್ಟ್ರಾಕ್ಟ್ಸ್ 1450ರ ನಂತರದ ಜಗತ್ತಿನ ಇತಿಹಾಸವನ್ನು ಸೂಚಿಸುತ್ತದೆ, ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾ ಬಿಟ್ಟು. ಆ ಎರಡಕ್ಕೆ ಅಮೆರಿಕ: ಹಿಸ್ಟರಿ ಅಂಡ್ ಲೈಫ್ ಬೇರೆಯೇ ಇದೆ. ಅಟ್ಲಾಂಟಿಕ್ ಗುಲಾಮ ವ್ಯಾಪಾರದ ಕೋರ್ಸಿಗೆ ಒಂದನ್ನೇ ಕೊಂಡರೆ ಅರ್ಧ ಸಾಹಿತ್ಯ ಕಾಣುವುದಿಲ್ಲ. ಮಧ್ಯಯುಗದ ಕೋರ್ಸಿಗೆ ಇವೆರಡೂ ಹೆಚ್ಚು ನೆರವಾಗುವುದಿಲ್ಲ.

ಇ-ಪುಸ್ತಕ: ಕೊನೆಯ ಎರಡು ಸಂಜೆ

ಒಬ್ಬರಿಗೆ, ಮೂವರಿಗೆ, ಎಷ್ಟು ಮಂದಿಗಾದರೂ ಎಂದು ಇ-ಪುಸ್ತಕದ ಪರವಾನಗಿಗಳು ಬರುತ್ತವೆ. ಅರವತ್ತು ಮಂದಿಯ ತರಗತಿ, ಮುಕ್ಕಾಲು ಗಂಟೆಯ ಓದು. ಒಟ್ಟು 45 ಗಂಟೆ, ವಾರದಲ್ಲಿ 168 ಗಂಟೆ ಇವೆ, ಒಬ್ಬರ ಪರವಾನಗಿಯೇ ಸಾಕಲ್ಲ ಎನಿಸುತ್ತದೆ. ಆದರೆ ಓದು ನಡೆಯುವುದು ತರಗತಿಗೆ ಮುಂಚಿನ ಎರಡು ಸಂಜೆ. ಸಂಜೆಗೆ ನಾಲ್ಕು ಗಂಟೆಯಂತೆ ಎಂಟು ಗಂಟೆಯಲ್ಲಿ ಒಬ್ಬರ ಪರವಾನಗಿ ಹತ್ತು ಮಂದಿಗೆ ಸಾಲುತ್ತದೆ, ಮೂವರದು ಮೂವತ್ತು ಮಂದಿಗೆ. ಅದೂ ಎಲ್ಲರೂ ಓದಿ ಮುಗಿಸಿ ಸರಿಯಾಗಿ ಹೊರಬಂದರೆ. ಟ್ಯಾಬನ್ನು ಸುಮ್ಮನೆ ಮುಚ್ಚಿದರೆ ಅನೇಕ ವೇದಿಕೆಗಳಲ್ಲಿ ಜಾಗ ತಕ್ಷಣ ಖಾಲಿಯಾಗುವುದಿಲ್ಲ, ಸಮಯ ಮುಗಿಯುವವರೆಗೆ ಹಿಡಿದಿಟ್ಟುಕೊಂಡಿರುತ್ತದೆ. ಆದ್ದರಿಂದ ಕಡ್ಡಾಯ ಓದಿಗೆ ಮಿತಿಯಿಲ್ಲದ ಪರವಾನಗಿ, ಅದು ಮಾರಾಟದಲ್ಲಿಲ್ಲದಿದ್ದರೆ ಒಂದು ಅಧ್ಯಾಯವನ್ನು ಎಲ್ಲರಿಗೂ ಹಂಚುವ ಅನುಮತಿ. ಹೆಚ್ಚುವರಿ ಓದಿಗೆ ಒಬ್ಬರದು, ಮೂವರದು ಸಾಕು.

ವರ್ಷಕ್ಕೆ ಮುನ್ನೂರು ಚಿಲ್ಲರೆ ಬಳಕೆ, ಏಕಕಾಲಕ್ಕೆ ಎಷ್ಟು ಮಂದಿಯಾದರೂ ಎಂಬ ಬಗೆಯೂ ಇದೆ. ಒಂದೇ ತರಗತಿಯ ಪುಸ್ತಕಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಎರಡು ವಿಭಾಗ ಸೇರಿ ಬಳಸಿದರೆ ಎರಡನೆಯ ಸೆಮಿಸ್ಟರಿನ ನಡುವೆ ಬಳಕೆ ತೀರುತ್ತದೆ, ಎಚ್ಚರಿಕೆ ಮೇಲ್ ಯಾರ ವಿಳಾಸಕ್ಕೆ ಹೋಗುತ್ತದೆ ಎಂದು ಮೊದಲೇ ನಿಗದಿ ಮಾಡಿಸಿ.

ಬೇಡಿಕೆ ಬಂದಾಗ ಖರೀದಿಯಾಗುವ ವ್ಯವಸ್ಥೆಯಲ್ಲಿ ಸಾವಿರಾರು ಪುಸ್ತಕ ಕ್ಯಾಟಲಾಗಿನಲ್ಲಿ ಕಾಣುತ್ತವೆ, ವಿದ್ಯಾರ್ಥಿ ಕೆಲವು ನಿಮಿಷ ಓದಿದರೆ ಅಥವಾ ಇಳಿಸಿಕೊಂಡರೆ ಮಾತ್ರ ಬಿಲ್ ಬರುತ್ತದೆ. ಪ್ರಬಂಧ ಬರೆಯುವ ವಿದ್ಯಾರ್ಥಿಗಳಿಗೆ ಇದು ವರದಾನ. ಆದರೆ ಇನ್ನೂ ಖರೀದಿಯಾಗದ ಪುಸ್ತಕ ಓದಿನ ಪಟ್ಟಿಗೆ ಸೇರಿಕೊಂಡರೆ ಅಪಾಯ, ಪ್ರಕಾಶಕರು ಅದನ್ನು ಯಾವ ದಿನ ಬೇಕಾದರೂ ತೆಗೆಯಬಹುದು. ಪಟ್ಟಿಗೆ ಬಂದದ್ದನ್ನು ನೇರವಾಗಿ ಕೊಂಡುಬಿಡಿ. ಒಂದು ಮೊತ್ತ ಮುಂಗಡ ಕಟ್ಟಿ, ಹನ್ನೆರಡು ತಿಂಗಳು ಪ್ರಕಾಶಕರ ಪೂರ್ತಿ ಪಟ್ಟಿ ಬಳಸಿ, ಕೊನೆಗೆ ಆ ಮೊತ್ತದಷ್ಟು ಪುಸ್ತಕ ಉಳಿಸಿಕೊಳ್ಳುವ ಬಗೆ ವಿಶ್ವವಿದ್ಯಾಲಯ ಮುದ್ರಣಾಲಯಗಳ ಇತಿಹಾಸ ಪಟ್ಟಿಗೆ ಚೆನ್ನಾಗಿ ಒಪ್ಪುತ್ತದೆ, ಉಳಿಸಿಕೊಳ್ಳುವ ಪುಸ್ತಕಗಳನ್ನು ಬಳಕೆಯ ಅಂಕಿ ನೋಡಿ ಆರಿಸಬಹುದು.

ಟ್ರಯಲ್ ತಿಂಗಳಲ್ಲಿ ಮಾಡಬೇಕಾದ್ದು

ಕೊಳ್ಳುವ ಮೊದಲು ಬಳಸಿ ನೋಡಲು ಕೊಡುವ ಟ್ರಯಲ್ ಸಾಮಾನ್ಯವಾಗಿ ಮೂವತ್ತು ದಿನ. ರಜೆಯಲ್ಲೋ ಪರೀಕ್ಷೆಯ ಹೊತ್ತಿನಲ್ಲೋ ತೆಗೆದುಕೊಂಡರೆ ವ್ಯರ್ಥ. ಸೆಮಿಸ್ಟರಿನ ಎರಡನೆಯ ತಿಂಗಳು ಸರಿಯಾದ ಕಾಲ. ಮೇಲ್ ಕಳಿಸಿ ‘ನೋಡಿ ಹೇಳಿ’ ಎಂದರೆ ಉತ್ತರ ಬರುವುದಿಲ್ಲ. ಬದಲಿಗೆ ಅಧ್ಯಾಪಕರಿಂದ ಹತ್ತು ಹುಡುಕಾಟ ಮುಂಚಿತವಾಗಿ ಬರೆಸಿಕೊಳ್ಳಿ: ಇದೆ ಎಂದು ಖಚಿತವಾಗಿ ಗೊತ್ತಿರುವ ಎರಡು ದಾಖಲೆ, ಹಳೆಯ ಮತ್ತು ಹೊಸ ಹೆಸರಿರುವ ಎರಡು ಊರು, ಒಂದು ಹಸ್ತಪ್ರತಿ, ಆಳುವವರ ದಾಖಲೆಯಲ್ಲಿ ಅಪರೂಪಕ್ಕೆ ಮಾತನಾಡುವ ಹೆಂಗಸರು, ರೈತರು, ಕೂಲಿಗಳಂಥವರ ಬಗ್ಗೆ ಮೂರು ಹುಡುಕಾಟ, ಮತ್ತು ಅಸೈನ್‌ಮೆಂಟಿನದೇ ಎರಡು ವಿಷಯ. ಹೋಲಿಸುವ ಎಲ್ಲ ಸಂಗ್ರಹಗಳಲ್ಲೂ ಇದೇ ಹತ್ತನ್ನು ನಡೆಸಿ. ನಂತರ ಈ ಕೆಲಸಗಳು:

1. ಕ್ಯಾಂಪಸ್ಸಿನ ಹೊರಗೆ, ಮೊಬೈಲ್ ಡೇಟಾದಿಂದ ತೆರೆಯಿರಿ. ಹುಡುಕಾಟ ಬಂದು ಪುಟಚಿತ್ರ ಮಾತ್ರ ಖಾಲಿಯಾಗಿ ಕಂಡರೆ, ಚಿತ್ರಗಳು ಬೇರೊಂದು ಸರ್ವರ್ ವಿಳಾಸದಿಂದ ಬರುತ್ತಿವೆ ಮತ್ತು ಆ ವಿಳಾಸ ನಿಮ್ಮ ಪ್ರಾಕ್ಸಿಯ (ಕ್ಯಾಂಪಸ್ಸಿನ ಹೊರಗಿನವರನ್ನು ಗ್ರಂಥಾಲಯದ ಮೂಲಕ ಒಳಬಿಡುವ ವ್ಯವಸ್ಥೆಯ) ಪಟ್ಟಿಯಲ್ಲಿಲ್ಲ ಎಂದು ಬಹುಮಟ್ಟಿಗೆ ಹೇಳಬಹುದು. ಸರಿಪಡಿಸಬಹುದಾದ ದೋಷ ಇದು, ಆದರೆ ಮಾರಾಟಗಾರರ ತಾಂತ್ರಿಕ ತಂಡ ಎಷ್ಟು ಬೇಗ ಉತ್ತರಿಸುತ್ತದೆ ಎಂಬುದೂ ಇಲ್ಲೇ ಗೊತ್ತಾಗುತ್ತದೆ.

2. ಒಂದು ದಾಖಲೆಯ ಶಾಶ್ವತ ಕೊಂಡಿ ತೆಗೆದು ಎರಡು ದಿನ ಬಿಟ್ಟು ಬೇರೆ ಬ್ರೌಸರಿನಲ್ಲಿ ತೆರೆಯಿರಿ. ಬ್ರೌಸರಿನ ವಿಳಾಸಪಟ್ಟಿಯಿಂದ ನಕಲಿಸಿದ ಕೊಂಡಿಗಳಲ್ಲಿ ಅನೇಕ ಬಾರಿ ಆ ಹೊತ್ತಿನ ಭೇಟಿಯ ಸೆಷನ್ ಸಂಖ್ಯೆ ಸೇರಿರುತ್ತದೆ, ಅಂಥವು ಬೇಗ ಸಾಯುತ್ತವೆ. ಕೊಂಡಿ ದಾಖಲೆಗೇ ಹೋಗಬೇಕು, ಸಂಗ್ರಹದ ಮುಖಪುಟಕ್ಕಲ್ಲ.

3. ಉಲ್ಲೇಖವನ್ನು ರಫ್ತು ಮಾಡಿ ನೋಡಿ. ಮೂಲ ಅಭಿಲೇಖಾಗಾರದ ಹೆಸರು, ಸರಣಿ, ಕಡತ ಸಂಖ್ಯೆ, ಹಾಳೆ ಸಂಖ್ಯೆ ಬರುತ್ತವೆಯೇ? ಡೇಟಾಬೇಸಿನ ಹೆಸರನ್ನಷ್ಟೇ ಕೊಡುವ ಉಲ್ಲೇಖ ಇತಿಹಾಸದ ಅಡಿಟಿಪ್ಪಣಿಗೆ ಸಾಲದು. ವಿದ್ಯಾರ್ಥಿ ದಾಖಲೆಯ ಹುಟ್ಟು ಎಲ್ಲಿ ಎಂದು ಕೇಳುವುದನ್ನೇ ಮರೆಯುತ್ತಾರೆ.

4. ಮೂವರು ವಿದ್ಯಾರ್ಥಿಗಳನ್ನು ಕೂರಿಸಿ, ಇಪ್ಪತ್ತು ನಿಮಿಷ ಏನೂ ಹೇಳಿಕೊಡದೆ ಗಮನಿಸಿ. ಅವರು ಮೊದಲು ಸಿಕ್ಕಿಬೀಳುವ ಜಾಗವನ್ನು ಬರೆದುಕೊಳ್ಳಿ.

5. ಸ್ಕ್ರೀನ್ ರೀಡರಿನಲ್ಲಿ ತೆರೆಯಿರಿ. ಬರೀ ಚಿತ್ರವಾಗಿರುವ ಪಿಡಿಎಫ್ ಅಂಧ ವಿದ್ಯಾರ್ಥಿಗೆ ಖಾಲಿ ಕಾಗದ. ಅಂಗವಿಕಲರಿಗೂ ಜಾಲತಾಣ ಬಳಸಲು ಬರಬೇಕೆಂಬ ಡಬ್ಲ್ಯುಸಿಎಜಿ ಮಾನದಂಡಕ್ಕೆ ಹೊಂದಿಕೆಯ ವರದಿ ಕೇಳಿ ಪಡೆಯಿರಿ, ಆದರೆ ಪರೀಕ್ಷೆಯನ್ನು ನೀವೇ ಮಾಡಿ.

ಟ್ರಯಲ್ ತಿಂಗಳ ಬಳಕೆಯ ಅಂಕಿಯನ್ನು ತೀರ್ಮಾನಕ್ಕೆ ಬಳಸಬೇಡಿ. ಯಾವ ಅಸೈನ್‌ಮೆಂಟಿಗೂ ಸೇರದ ಸಂಗ್ರಹವನ್ನು ಆ ತಿಂಗಳು ತೆರೆಯುವವರು ಗ್ರಂಥಾಲಯದ ಸಿಬ್ಬಂದಿಯೇ.

ಪರವಾನಗಿ ಪತ್ರದಲ್ಲಿ ಬೆರಳಿಟ್ಟು ಓದಬೇಕಾದ ಸಾಲುಗಳು

‘ಶಾಶ್ವತ ಪ್ರವೇಶ’ ಎಂದಿದ್ದರೆ ಯಾವ ರೂಪದಲ್ಲಿ ಎಂದು ಕೇಳಿ. ಮಾರಾಟಗಾರರ ವೇದಿಕೆಯಲ್ಲೇ ಎಂದಾದರೆ ನಿರ್ವಹಣಾ ಶುಲ್ಕ ಎಷ್ಟು, ಕಟ್ಟದಿದ್ದರೆ ಏನಾಗುತ್ತದೆ? ಹಾರ್ಡ್ ಡಿಸ್ಕಿನಲ್ಲಿ ಕಡತ ಕೊಡುತ್ತೇವೆ ಎಂದರೆ ಒಪ್ಪಿಕೊಳ್ಳಿ, ಆದರೆ ಅದರ ಜೊತೆ ಹುಡುಕಾಟದ ಪುಟ ಬರುವುದಿಲ್ಲ. ಅದನ್ನು ಕಟ್ಟುವ ಜನ ನಿಮ್ಮಲ್ಲಿಲ್ಲದಿದ್ದರೆ ಡಿಸ್ಕು ಕಪಾಟಿನಲ್ಲೇ ಇರುತ್ತದೆ. ಪೋರ್ಟಿಕೊ ಅಥವಾ ಕ್ಲಾಕ್ಸ್‌ನಂಥ ಮೂರನೆಯವರ ಸಂರಕ್ಷಣಾ ವ್ಯವಸ್ಥೆಯಲ್ಲಿ ಈ ಸಂಗ್ರಹ ಇದೆಯೇ ಎಂಬುದು ಎರಡನೆಯ ಪ್ರಶ್ನೆ.

ಕಲಿಕಾ ವೇದಿಕೆಗೆ ತುಣುಕು ಹಾಕುವುದು, ಮುದ್ರಿಸಿ ಹಂಚುವುದು, ಗ್ರಂಥಾಲಯಕ್ಕೆ ಬಂದ ಹೊರಗಿನ ಓದುಗರಿಗೆ ತೋರಿಸುವುದು ಸ್ಪಷ್ಟವಾಗಿ ಬರೆದಿರಬೇಕು. ರಾಶಿ ಪಠ್ಯದ ವಿಶ್ಲೇಷಣೆಗೆ ಅನುಮತಿ ಇದೆಯೇ, ಇದ್ದರೆ ಕಡತಗಳನ್ನು ಕೊಡುತ್ತಾರೆಯೇ ಎಂದು ನೋಡಿ. ಅನುಮತಿ ಇಲ್ಲದೆ ವಿದ್ಯಾರ್ಥಿಯೊಬ್ಬರು ಸ್ಕ್ರಿಪ್ಟ್ ಹಚ್ಚಿ ಪುಟ ಇಳಿಸಿದರೆ, ವೇದಿಕೆ ಇಡೀ ಸಂಸ್ಥೆಯ ಐಪಿ ವಿಳಾಸಗಳನ್ನೇ ತಡೆಯಬಹುದು. ಈಚಿನ ಪತ್ರಗಳಲ್ಲಿ ಕೃತಕ ಬುದ್ಧಿಮತ್ತೆಯ ಬಗ್ಗೆಯೂ ಸಾಲು ಸೇರುತ್ತಿವೆ. ಅವು ಸಾಮಾನ್ಯ ಪಠ್ಯವಿಶ್ಲೇಷಣೆಯನ್ನೂ ನಿಷೇಧಿಸುವಷ್ಟು ಅಗಲವಾಗಿರದಂತೆ ತಿದ್ದಿಸಿ. ವೇದಿಕೆಯೊಳಗಿನ ಸಾರಾಂಶ ಬರೆಯುವ ಸಲಕರಣೆಯನ್ನು ನಿಲ್ಲಿಸುವ ಆಯ್ಕೆ ಗ್ರಂಥಾಲಯದ ಕೈಯಲ್ಲಿರಬೇಕು. ಮೂಲ ದಾಖಲೆಯನ್ನು ಸ್ವತಃ ಓದಿಸುವುದೇ ಪಾಠದ ಉದ್ದೇಶವಾದಾಗ ಸಿದ್ಧ ಸಾರಾಂಶ ಆ ಕೆಲಸವನ್ನೇ ಕಸಿಯುತ್ತದೆ.

ಕ್ಯಾಟಲಾಗಿನ ದಾಖಲೆಗಳು ಬೆಲೆಯಲ್ಲಿ ಸೇರಿವೆಯೇ ಎಂದೂ ಪತ್ರದಲ್ಲೇ ಇರಲಿ. ಪ್ರತಿ ಶೀರ್ಷಿಕೆಗೂ ಮಾರ್ಕ್ ದಾಖಲೆ (ಕ್ಯಾಟಲಾಗಿಗೆ ಸೇರಿಸುವ ವಿವರ) ಮತ್ತು ಡಿಸ್ಕವರಿ ವ್ಯವಸ್ಥೆಗೆ, ಅಂದರೆ ಗ್ರಂಥಾಲಯದ ಎಲ್ಲವನ್ನೂ ಒಟ್ಟಿಗೆ ಹುಡುಕುವ ಪುಟಕ್ಕೆ, ಕೆಬಾರ್ಟ್ ರೂಪದ ಶೀರ್ಷಿಕೆ ಪಟ್ಟಿ ಬಾರದಿದ್ದರೆ, ಸಂಗ್ರಹ ‘ಡೇಟಾಬೇಸುಗಳ ಪಟ್ಟಿ’ಯ ಒಂದು ಸಾಲಾಗಿ ಉಳಿಯುತ್ತದೆ. ಅದರ ಹೆಸರು ಮೊದಲೇ ಗೊತ್ತಿದ್ದವರು ಮಾತ್ರ ತೆರೆಯುತ್ತಾರೆ.

ನವೀಕರಣದ ವರ್ಷ

ಬಳಕೆಯ ಅಂಕಿಗೆ ಕೌಂಟರ್ ವರದಿಗಳನ್ನೇ ಕೇಳಿ, ಎಲ್ಲ ವೇದಿಕೆಗಳೂ ಒಂದೇ ರೀತಿ ಎಣಿಸಲೆಂದು ಇರುವ ಮಾನದಂಡ ಅದು. ಅದರ ಐದನೆಯ ಆವೃತ್ತಿ 2019ರಲ್ಲಿ ಜಾರಿಗೆ ಬಂತು, 2025ರಲ್ಲಿ ಅದರ ಜಾಗಕ್ಕೆ 5.1 ಬಂತು. ಇ-ಪುಸ್ತಕಗಳನ್ನು ಹೋಲಿಸುವಾಗ ಒಟ್ಟು ಐಟಂ ಬೇಡಿಕೆಯ ಸಾಲು ದಾರಿತಪ್ಪಿಸುತ್ತದೆ, ಏಕೆಂದರೆ ಅಧ್ಯಾಯ ಅಧ್ಯಾಯವಾಗಿ ಕೊಡುವ ವೇದಿಕೆಯಲ್ಲಿ ಒಂದೇ ಪುಸ್ತಕದ ಓದು ಹನ್ನೆರಡಾಗಿ ಎಣಿಕೆಯಾಗುತ್ತದೆ, ಇಡೀ ಪುಸ್ತಕ ಕೊಡುವಲ್ಲಿ ಒಂದಾಗಿ. ಒಬ್ಬರ ಒಂದು ಭೇಟಿಯಲ್ಲಿ ಒಂದು ಪುಸ್ತಕವನ್ನು ಒಂದೇ ಸಲ ಎಣಿಸುವ ವಿಶಿಷ್ಟ ಶೀರ್ಷಿಕೆ ಬೇಡಿಕೆಯ ಸಾಲನ್ನು ಬಳಸಿ. ಜೊತೆಗೆ ನಿರಾಕರಣೆಯ ಸಾಲುಗಳನ್ನೂ ನೋಡಿ: ಮಿತಿ ಮೀರಿ ನಿರಾಕರಿಸಿದ್ದು ಹೆಚ್ಚಿದ್ದರೆ ಪರವಾನಗಿ ಹಿಗ್ಗಿಸಬೇಕು, ಪರವಾನಗಿಯೇ ಇಲ್ಲದೆ ನಿರಾಕರಿಸಿದ್ದು ಮುಂದಿನ ಖರೀದಿಯ ಪಟ್ಟಿ.

ಮೂಲ ಆಕರಗಳ ಸಂಗ್ರಹವನ್ನು ‘ಒಂದು ಬಳಕೆಗೆ ಎಷ್ಟು ಖರ್ಚು’ ಎಂಬ ಒಂದೇ ಅಳತೆಯಿಂದ ತೂಗಬೇಡಿ. ಅದು ವರ್ಷದಲ್ಲಿ ಎರಡು ಮೂರು ವಾರ ಮಾತ್ರ ಜೋರಾಗಿ ಓಡುತ್ತದೆ, ಉಳಿದಂತೆ ಮಲಗಿರುತ್ತದೆ. ಜರ್ನಲ್ ಪ್ಯಾಕೇಜಿನ ಪಕ್ಕ ನಿಲ್ಲಿಸಿದರೆ ಯಾವಾಗಲೂ ಸೋಲುತ್ತದೆ. ಎಷ್ಟು ಕೋರ್ಸುಗಳು ಅದರ ಮೇಲೆ ಅಸೈನ್‌ಮೆಂಟ್ ಕೊಟ್ಟಿವೆ, ಎಷ್ಟು ವಿದ್ಯಾರ್ಥಿಗಳು ಬರೆದರು ಎಂದು ವಿಭಾಗದಿಂದ ಪಡೆದು, ವಾರ್ಷಿಕ ವೆಚ್ಚವನ್ನು ಅದರಿಂದ ಭಾಗಿಸಿ. ಎರಡು ವರ್ಷ ಸತತವಾಗಿ ಯಾವ ಕೋರ್ಸಿನಲ್ಲೂ ಅದರ ಹೆಸರಿಲ್ಲದಿದ್ದರೆ ಚಂದಾ ಬಿಡುವ ಕಾಲ.

ಬಿಡುವುದಕ್ಕೂ ಕ್ರಮವಿದೆ. ತಾನಾಗಿ ನವೀಕರಣವಾಗುವ ಕರಾರಿದ್ದರೆ ನೋಟಿಸಿನ ಕೊನೆಯ ದಿನಾಂಕವನ್ನು ಸಹಿ ಹಾಕಿದ ದಿನವೇ ಕ್ಯಾಲೆಂಡರಿನಲ್ಲಿ ಗುರುತಿಸಿ. ವಿಭಾಗಕ್ಕೆ ಒಂದು ಸೆಮಿಸ್ಟರ್ ಮೊದಲು ತಿಳಿಸಿ, ಓದಿನ ಪಟ್ಟಿಯ ಕೊಂಡಿಗಳಿಗೆ ಬದಲಿ ಹುಡುಕಿಕೊಡಿ. ಪ್ರವೇಶ ಮುಚ್ಚುವ ಮುನ್ನ ಬಳಕೆಯ ವರದಿಗಳನ್ನೆಲ್ಲ ಇಳಿಸಿಕೊಳ್ಳಿ, ಆಡಳಿತ ಖಾತೆಯೂ ಅದೇ ದಿನ ಮುಚ್ಚಬಹುದು. ಹಿಂದೆ ಶಾಶ್ವತ ಹಕ್ಕಿನಿಂದ ಕೊಂಡ ಭಾಗ ಅದೇ ವೇದಿಕೆಯಲ್ಲಿದ್ದರೆ ಪರವಾನಗಿ ಪತ್ರ, ಬಿಲ್, ಅಂದಿನ ಶೀರ್ಷಿಕೆ ಪಟ್ಟಿ ಮೂರನ್ನೂ ಒಂದೇ ಕಡತದಲ್ಲಿ ಇಡಿ. ಸಂಗ್ರಹ ಒಂದು ಕಂಪನಿಯಿಂದ ಇನ್ನೊಂದಕ್ಕೆ ಕೈ ಬದಲಾಗಿ, ಹೊಸ ವೇದಿಕೆಯಲ್ಲಿ ನಿಮ್ಮ ಶೀರ್ಷಿಕೆಗಳು ಕಾಣದೆ ಹೋದಾಗ, ಹೊಸಬರು ಮೊದಲು ಕೇಳುವುದು ಈ ಮೂರು ಕಾಗದಗಳನ್ನೇ.